ಶೂಟಿಂಗ್ ಪರ್ಮಿಟ್ ಪಟ್ಟಿ ಓದಿ ಗೆಲ್ಲುವ ಸೂತ್ರಗಳು

ಡೇಟಾ ಅನಲಿಸ್ಟ್ ಕೆಲಸ ಹುಡುಕುವವರ ಬಯೋಡೇಟಾಗಳಲ್ಲಿ ಟೈಟಾನಿಕ್ ಹಡಗು ಇನ್ನೂ ಮುಳುಗುತ್ತಲೇ ಇದೆ. ಅದಿಲ್ಲದಿದ್ದರೆ ಐರಿಸ್ ಹೂವಿನ ಎಸಳಿನ ಅಳತೆ. ಕೋಚಿಂಗ್‌ನವರು ಕೊಟ್ಟ ಅಭ್ಯಾಸವನ್ನೇ ‘ನನ್ನ ಪ್ರಾಜೆಕ್ಟ್’ ಎಂದು ಮುಂದಿಟ್ಟರೆ ಎದುರು ಕೂತವರು ಆಕಳಿಸದೆ ಇನ್ನೇನು ಮಾಡಿಯಾರು? ಅವರು ಆ ಹಡಗನ್ನು ಬೆಳಗಿನಿಂದ ಅದೆಷ್ಟು ಸಲ ಮುಳುಗಿಸಿರುತ್ತಾರೋ.

ಬೇರೆ ಏನಾದರೂ ಬೇಕೆಂದರೆ ನ್ಯೂಯಾರ್ಕ್ ಕಡೆ ನೋಡಿ. ಸಿನಿಮಾ, ಸೀರಿಯಲ್, ಜಾಹೀರಾತುಗಳ ಚಿತ್ರೀಕರಣಕ್ಕೆ ಕೊಟ್ಟ ಪರ್ಮಿಟ್‌ಗಳ ಪಟ್ಟಿಯನ್ನು ಆ ನಗರ ತನ್ನ ಓಪನ್ ಡೇಟಾ ಪೋರ್ಟಲ್‌ನಲ್ಲಿ ಇಟ್ಟಿದೆ. ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಪರ್ಮಿಟ್ಟಿನ ಸಂಖ್ಯೆ, ಬಗೆ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಕಚೇರಿಯ ಕಂಪ್ಯೂಟರಿಗೆ ಹತ್ತಿದ ದಿನ, ಹಿಡಿದಿಟ್ಟ ಪಾರ್ಕಿಂಗ್ ಜಾಗ, ಬರೋ (ನಗರದ ಆಡಳಿತ ವಿಭಾಗ), ಕಮ್ಯುನಿಟಿ ಬೋರ್ಡ್, ಪೊಲೀಸ್ ವಲಯ, ಝಿಪ್ ಕೋಡ್, ವರ್ಗ, ಉಪವರ್ಗ, ದೇಶ, ಇಷ್ಟು ಇರುತ್ತದೆ. ಸಿನಿಮಾದ ಹೆಸರು ಮಾತ್ರ ಇರುವುದಿಲ್ಲ. ನಟರ ಹೆಸರಂತೂ ಕೇಳಲೇಬೇಡಿ. ಆದ್ದರಿಂದಲೇ ಈ ಪಟ್ಟಿ ಕಲಿಯುವವರಿಗೆ ಒಳ್ಳೆಯದು, ಹೆಸರಿನ ಹೊಳಪು ಕಣ್ಣು ಕುಕ್ಕುವುದಿಲ್ಲ.

1. ಪರ್ಮಿಟ್ ಯಾತಕ್ಕೆ ಕೊಡುತ್ತಾರೆ, ಅದನ್ನು ಮೊದಲು ಓದಿ

ಜಾನ್ ಲಿಂಡ್ಸೆ ಮೇಯರ್ ಆಗಿದ್ದಾಗ, 1966ರಲ್ಲಿ, ನ್ಯೂಯಾರ್ಕ್ ಸಿನಿಮಾದವರಿಗೆಂದೇ ಒಂದು ಕಚೇರಿ ತೆರೆಯಿತು. ಹತ್ತಾರು ಇಲಾಖೆ ಸುತ್ತುವ ನಿರ್ಮಾಪಕರ ಪಾಡು ತಪ್ಪಿಸಿ ಒಂದೇ ಕಡೆ ಅಪ್ಪಣೆ ಸಿಗಲಿ ಎನ್ನುವುದು ಉದ್ದೇಶ. ಈಗ ಅದು ಮೇಯರರ ಮಾಧ್ಯಮ ಮತ್ತು ಮನರಂಜನೆ ಕಚೇರಿಯ ಕೈಕೆಳಗಿದೆ. ಅಲ್ಲಿಂದ ಪರ್ಮಿಟ್ ಬೇಕಾಗುವುದು, ಸ್ಥೂಲವಾಗಿ ಹೇಳಿದರೆ, ನಗರದ ಸ್ವತ್ತನ್ನು ಸ್ವಲ್ಪ ಹೊತ್ತು ನಮಗೇ ಬಿಟ್ಟುಕೊಡಿ ಎಂದು ಕೇಳುವವರಿಗೆ: ಒಂದು ಬೀದಿ, ಒಂದು ಫುಟ್‌ಪಾತ್, ಪಾರ್ಕಿನ ಒಂದು ಮೂಲೆ.

ಅಂದಮೇಲೆ ಪಟ್ಟಿಯ ಒಂದು ಸಾಲು ಎಂದರೆ ಒಂದು ಸಿನಿಮಾ ಅಲ್ಲ, ಒಂದು ದಿನದ ಶೂಟಿಂಗ್ ಕೂಡ ಅಲ್ಲ. ಇಂಥ ಜಾಗವನ್ನು ಇಷ್ಟು ಹೊತ್ತು ಹಿಡಿದುಕೊಳ್ಳಬಹುದು ಎಂಬ ಒಂದು ಅಪ್ಪಣೆ, ಅಷ್ಟೆ. ಒಂದೇ ಸಿನಿಮಾಕ್ಕೆ ಹಲವಾರು ಪರ್ಮಿಟ್ ಇರಬಹುದು, ಒಂದೇ ಪರ್ಮಿಟ್ ಎರಡು ಮೂರು ದಿನ ನಡೆಯಬಹುದು. ಪರ್ಮಿಟ್ ಕೈಗೆ ಬಂದ ಮೇಲೆ ಮಳೆ ಸುರಿದು ಕ್ಯಾಮೆರಾ ಪೆಟ್ಟಿಗೆ ಬಿಟ್ಟು ಹೊರಗೆ ಬರದೆಯೂ ಇರಬಹುದು. ‘ಆ ವರ್ಷ ನ್ಯೂಯಾರ್ಕಿನಲ್ಲಿ ಇಷ್ಟು ಸಾವಿರ ಚಿತ್ರಗಳು’ ಎಂಬ ತಲೆಬರಹ ಕಂಡರೆ, ಬರೆದವರು ಸಾಲು ಎಣಿಸಿದ್ದಾರೆ, ಪಟ್ಟಿ ಓದಿಲ್ಲ ಎಂದುಕೊಳ್ಳಿ.

2. ಪಟ್ಟಿಯಲ್ಲಿ ಇಲ್ಲದ್ದನ್ನೂ ಬರೆದಿಟ್ಟುಕೊಳ್ಳಿ

ಇಲ್ಲಿ ನಮ್ಮ ದೇಶದವರೊಬ್ಬರ ಕತೆ ಬರುತ್ತದೆ. ‘ಫೈನಲ್ ಸೊಲ್ಯೂಷನ್’ ಸಾಕ್ಷ್ಯಚಿತ್ರದ ರಾಕೇಶ್ ಶರ್ಮಾ 2005ರಲ್ಲಿ ಮ್ಯಾನ್‌ಹಟನ್ ಬೀದಿಯಲ್ಲಿ ಕೈಯಲ್ಲಿ ಚಿಕ್ಕ ಕ್ಯಾಮೆರಾ ಹಿಡಿದು ಚಿತ್ರೀಕರಿಸುತ್ತಿದ್ದಾಗ ಪೊಲೀಸರು ತಡೆದು ಪ್ರಶ್ನೆ ಮಾಡಿದರು. ಆಮೇಲೆ ಅವರು ಪರ್ಮಿಟ್ ಕೇಳಿದರೆ ಅದೂ ಸಿಗಲಿಲ್ಲ. ನ್ಯೂಯಾರ್ಕಿನ ನಾಗರಿಕ ಹಕ್ಕುಗಳ ಸಂಘಟನೆ ಅವರ ಪರವಾಗಿ ಕೋರ್ಟಿಗೆ ಹೋಯಿತು. ಯಾರಿಗೆ ಪರ್ಮಿಟ್ ಬೇಕು, ಯಾರಿಗೆ ಬೇಡ ಎಂಬ ನಿಯಮಗಳನ್ನು ನಗರ ಬರೆದು ಪ್ರಕಟಿಸಲು ಆ ಮೊಕದ್ದಮೆಯೇ ಕಾರಣವಾಯಿತು. ಮೊದಲ ಕರಡಿಗೆ ಜೋರು ವಿರೋಧ ಬಂದು ಅದನ್ನು ತಿದ್ದಿ, 2008ರಲ್ಲಿ ನಿಯಮ ಜಾರಿಗೆ ಬಂತು: ಕೈಕ್ಯಾಮೆರಾ ಅಥವಾ ಟ್ರೈಪಾಡ್ ಇಟ್ಟುಕೊಂಡು, ದಾರಿಗೆ ಅಡ್ಡಿ ಮಾಡದೆ, ಜಾಗ ನಮ್ಮದೆನ್ನದೆ ಚಿತ್ರೀಕರಿಸುವವರಿಗೆ ಪರ್ಮಿಟ್ ಬೇಕಿಲ್ಲ.

ಇದರಿಂದ ನಿಮಗೇನು ಎಂದರೆ, ಸ್ವತಂತ್ರ ಸಾಕ್ಷ್ಯಚಿತ್ರದವರು, ಯೂಟ್ಯೂಬಿನವರು, ಒಂಟಿ ಛಾಯಾಗ್ರಾಹಕರು ಈ ಪಟ್ಟಿಗೆ ಬೀಳುವುದೇ ಕಡಿಮೆ. ಖಾಸಗಿ ಮನೆಯೊಳಗೆ ಅಥವಾ ಸ್ಟುಡಿಯೋದೊಳಗೆ ನಡೆದದ್ದು, ಬೀದಿಯನ್ನು ಮುಟ್ಟದಿದ್ದರೆ, ಕಾಣುವುದಿಲ್ಲ. ಸಬ್‌ವೇ ರೈಲಿನಲ್ಲಿ ಚಿತ್ರೀಕರಣಕ್ಕೆ ಸಾರಿಗೆ ಸಂಸ್ಥೆ ಎಂಟಿಎ ಬೇರೆಯೇ ಅಪ್ಪಣೆ ಕೊಡುತ್ತದೆ, ವಿಮಾನ ನಿಲ್ದಾಣಗಳು ಪೋರ್ಟ್ ಅಥಾರಿಟಿಯ ಕೈಯಲ್ಲಿವೆ. ‘ಡಾಕ್ಯುಮೆಂಟರಿ ವರ್ಗದಲ್ಲಿ ಪರ್ಮಿಟ್ ಕಡಿಮೆ, ಆದ್ದರಿಂದ ನ್ಯೂಯಾರ್ಕಿನಲ್ಲಿ ಸಾಕ್ಷ್ಯಚಿತ್ರ ತೆಗೆಯುವವರೇ ಇಲ್ಲ’ ಎಂದು ಬರೆದರೆ ಶರ್ಮಾ ಅವರ ಹೋರಾಟವನ್ನೇ ತಲೆಕೆಳಗು ಮಾಡಿದಂತಾಗುತ್ತದೆ. ಅವರಿಗೆ ಪರ್ಮಿಟ್ ಬೇಡ ಎಂಬುದೇ ತಾನೆ ಗೆಲುವು!

3. ಸರಿಯಾಗಿ ಸಾವಿರ ಸಾಲು ಬಂದರೆ ಅನುಮಾನಿಸಿ

ಪೋರ್ಟಲ್‌ನಿಂದ ಎಪಿಐ ಮೂಲಕ ಡೇಟಾ ಎಳೆದುಕೊಂಡಾಗ ಮಿತಿ ಹೇಳದಿದ್ದರೆ ಅದು 1000 ಸಾಲು ಕೊಟ್ಟು ಸುಮ್ಮನಾಗುತ್ತದೆ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಚಾರ್ಟು ಚೆನ್ನಾಗಿಯೇ ಬರುತ್ತದೆ, ಬರೀ ಸುಳ್ಳಾಗಿರುತ್ತದೆ ಅಷ್ಟೆ. ಮಿತಿಯನ್ನು ಹೆಚ್ಚಿಸಿ, ಇಲ್ಲವೇ ಸಿಎಸ್‌ವಿ ಕಡತವನ್ನೇ ಇಡಿಯಾಗಿ ಇಳಿಸಿಕೊಳ್ಳಿ. ಇಳಿಸಿಕೊಂಡ ತಾರೀಖನ್ನು ಕಡತದ ಹೆಸರಿನಲ್ಲೇ ಬರೆದಿಡಿ, ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

4. ತಾರೀಖು ಅಮೆರಿಕದ್ದು, ಕಂಪ್ಯೂಟರ್ ನಮ್ಮದು

ಭಾರತದಲ್ಲಿ ಕೂತು ಈ ಕಡತ ತೆರೆಯುವವರು ಬೀಳುವ ದೊಡ್ಡ ಹಳ್ಳ ಇದು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ನಾವು ದಿನ ಮೊದಲು. ನಮ್ಮ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ 03/04/2019 ಎಂಬುದು ಏಪ್ರಿಲ್ 3 ಆಗಿ ಕೂರುತ್ತದೆ. ಅದು ಇರುವುದು ಮಾರ್ಚ್ 4. ಇನ್ನು 03/25/2019ನ್ನು ಏನು ಮಾಡಬೇಕೆಂದು ಎಕ್ಸೆಲ್ಲಿಗೆ ತೋಚುವುದಿಲ್ಲ, ಇಪ್ಪತ್ತೈದನೇ ತಿಂಗಳು ಎಲ್ಲಿಂದ ತರಬೇಕು? ಅದನ್ನು ಬರೀ ಅಕ್ಷರವೆಂದು ಬಿಟ್ಟುಬಿಡುತ್ತದೆ.

ಪರಿಣಾಮ ನೋಡಿ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ತಿಂಗಳಿಂದ ತಿಂಗಳಿಗೆ ಹಂಚಿಹೋಗುತ್ತವೆ, ಉಳಿದ ದಿನಗಳು ಲೆಕ್ಕದಿಂದಲೇ ಮಾಯವಾಗುತ್ತವೆ. ತಿಂಗಳವಾರು ಗೆರೆ ಸಮತಟ್ಟಾಗಿ ಕಾಣುತ್ತದೆ. ನೋಡಿದವರು ‘ನ್ಯೂಯಾರ್ಕಿನಲ್ಲಿ ಸೀಸನ್ ಅಂತ ಏನೂ ಇಲ್ಲ’ ಎಂದು ತೀರ್ಮಾನಿಸುತ್ತಾರೆ. ಪರೀಕ್ಷೆ ಸುಲಭ: ನಿಮ್ಮ ಟೇಬಲ್ಲಿನಲ್ಲಿ ಹನ್ನೆರಡಕ್ಕಿಂತ ದೊಡ್ಡ ದಿನಗಳು ಇವೆಯೇ ನೋಡಿ. ಇಲ್ಲವೆಂದಾದರೆ ಎಲ್ಲ ಅಳಿಸಿ ಮತ್ತೆ ಶುರು ಮಾಡಿ. ಪೈಥಾನ್ ಬಳಸುವವರು ತಾರೀಖಿನ ರೂಪವನ್ನು ತಾವೇ ಹೇಳಿಕೊಡಬೇಕು, ಅದರ ಊಹೆಗೆ ಬಿಡಬಾರದು.

5. ನಾಟಕದ ಲಾರಿಗಳನ್ನು ಬೇರೆ ಮಾಡಿ

ಪಟ್ಟಿಯ ಹೆಸರಿನಲ್ಲಿ ಫಿಲಂ ಇದೆ ಎಂದು ಒಳಗಿರುವುದೆಲ್ಲ ಫಿಲಂ ಅಲ್ಲ. ಪರ್ಮಿಟ್ ಬಗೆಯ ಕಾಲಂನಲ್ಲಿ ಶೂಟಿಂಗ್ ಜೊತೆಗೆ ಇನ್ನೂ ಮೂರು ಬಗೆ ಕಾಣುತ್ತವೆ. ಬ್ರಾಡ್‌ವೇ ರಂಗಮಂದಿರಕ್ಕೆ ಸೆಟ್ಟು, ಲೈಟು, ಪೆಟ್ಟಿಗೆ ಇಳಿಸಲು, ಏರಿಸಲು ಲಾರಿ ನಿಲ್ಲಿಸುವ ಅಪ್ಪಣೆ ಒಂದು. ಲೈಟು, ಕೇಬಲ್ ಕಟ್ಟುವ ರಿಗ್ಗಿಂಗ್ ಅಪ್ಪಣೆ ಇನ್ನೊಂದು. ನಗರದ ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಡಿಸಿಎಎಸ್ ಇಲಾಖೆಯ ಜಾಗಗಳಿಗೆ ಮತ್ತೊಂದು. ಇವನ್ನೆಲ್ಲ ಕಲೆಸಿ ನಕ್ಷೆ ಬರೆದರೆ ಟೈಮ್ಸ್ ಸ್ಕ್ವೇರ್ ಸುತ್ತಮುತ್ತ ಕೆಂಪು ಉರಿಯುತ್ತದೆ. ಅದರಲ್ಲಿ ಸಿನಿಮಾ ಎಷ್ಟು, ನಾಟಕದ ಸಾಮಾನು ಸಾಗಣೆ ಎಷ್ಟು ಎಂದು ಕೇಳಿದರೆ ಉತ್ತರ ಇರಬೇಕು.

6. ಅಲ್ಪವಿರಾಮ ಒಡೆಯಿರಿ, ಆದರೆ ಲೆಕ್ಕ ಉಬ್ಬಿಸಬೇಡಿ

ಒಂದು ಪರ್ಮಿಟ್ ಮೂರು ಝಿಪ್ ಕೋಡ್‌ಗಳಲ್ಲಿ ಹರಡಿದ್ದರೆ ಮೂರನ್ನೂ ಒಂದೇ ಖಾನೆಯಲ್ಲಿ ಅಲ್ಪವಿರಾಮ ಹಾಕಿ ತುರುಕಿರುತ್ತಾರೆ. ಪೊಲೀಸ್ ವಲಯ, ಕಮ್ಯುನಿಟಿ ಬೋರ್ಡ್ ಕಾಲಂಗಳೂ ಹಾಗೆಯೇ. ಅದನ್ನು ಬಿಡಿಸಿ ಪ್ರತಿ ಝಿಪ್ಪಿಗೂ ಒಂದು ಸಾಲು ಮಾಡದೆ ಎಣಿಸಲಾಗದು. ಬಿಡಿಸಿದ ಮೇಲೆ ಸುತ್ತಲಿನ ಖಾಲಿ ಜಾಗ ಕತ್ತರಿಸಿ, ಇಲ್ಲದಿದ್ದರೆ 11222 ಎಂಬ ಒಂದೇ ಪ್ರದೇಶ ಎರಡು ಹೆಸರಿನಲ್ಲಿ ಎರಡು ಕಡೆ ಎಣಿಕೆಯಾಗುತ್ತದೆ. ಬಿಡಿಸಿದ ಟೇಬಲ್ಲಿನ ಒಟ್ಟು ಮೊತ್ತವನ್ನು ‘ಒಟ್ಟು ಪರ್ಮಿಟ್’ ಎಂದು ಎಲ್ಲೂ ಬರೆಯಬೇಡಿ. ಒಟ್ಟು ಬೇಕಾದರೆ ಪರ್ಮಿಟ್ ಸಂಖ್ಯೆಯನ್ನು ಒಂದೊಂದೇ ಸಲ ಎಣಿಸಿ.

7. ಪಾರ್ಕಿಂಗ್ ಕಾಲಂ ಬಿಡಬೇಡಿ, ಚಿನ್ನ ಇರುವುದೇ ಅಲ್ಲಿ

ಬಹುತೇಕರು ಬರೋ, ವರ್ಗ ಇವೆರಡರ ಬಾರ್ ಚಾರ್ಟ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಹಿಡಿದಿಟ್ಟ ಪಾರ್ಕಿಂಗ್ ಜಾಗದ ಕಾಲಂ ಉದ್ದುದ್ದ ಇಂಗ್ಲಿಷ್ ಪಠ್ಯ, ದೊಡ್ಡಕ್ಷರ, ನೋಡಿದರೆ ತಲೆನೋವು. ಒಂದು ಖಾನೆಯ ಒಕ್ಕಣೆ ಹೀಗಿರುತ್ತದೆ: ‘ಈಗಲ್ ಸ್ಟ್ರೀಟ್ ಬಿಟ್ವೀನ್ ಫ್ರಾಂಕ್ಲಿನ್ ಸ್ಟ್ರೀಟ್ ಅಂಡ್ ವೆಸ್ಟ್ ಸ್ಟ್ರೀಟ್’. ಅದರ ಪಕ್ಕ ಇನ್ನೊಂದು ಬೀದಿ, ಮತ್ತೊಂದು ಬೀದಿ. ಎಲ್ಲವೂ ಒಂದೇ ಅಚ್ಚಿನಲ್ಲಿ ಬರುವುದರಿಂದ ಒಡೆಯುವುದು ಅಂದುಕೊಂಡಷ್ಟು ಕಷ್ಟವಲ್ಲ: ಬೀದಿಯ ಹೆಸರು, ಆಮೇಲೆ ‘ಬಿಟ್ವೀನ್’, ಆಮೇಲೆ ಎರಡು ಅಡ್ಡರಸ್ತೆ. ಹೀಗೆ ಒಡೆದರೆ ಬೀದಿಯ ಯಾವ ತುಂಡು ಎಷ್ಟು ಸಲ ಹಿಡಿತಕ್ಕೆ ಸಿಕ್ಕಿತು ಎಂದು ಹೇಳಬಹುದು. ಝಿಪ್ ಕೋಡ್ ನಕ್ಷೆ ಎಂದೂ ಅಷ್ಟು ಹತ್ತಿರ ಹೋಗಲಾರದು.

ಮೇಲಿನ ಬೀದಿಗಳಿರುವುದು ಬ್ರೂಕ್ಲಿನ್‌ನ ಗ್ರೀನ್‌ಪಾಯಿಂಟ್‌ನಲ್ಲಿ, ಝಿಪ್ 11222. ಹಳೆಯ ಕಾರ್ಖಾನೆ, ಗೋದಾಮುಗಳ ಪ್ರದೇಶ. ಪರ್ಮಿಟ್ ಲೆಕ್ಕದಲ್ಲಿ ಈ ಪುಟ್ಟ ಬಡಾವಣೆ ಯಾವಾಗಲೂ ಮೇಲಿನ ಸಾಲಿನಲ್ಲೇ ಇರುತ್ತದೆ. ಕಂಡವರು ಏನೆನ್ನುತ್ತಾರೆ? ‘ನಿರ್ದೇಶಕರಿಗೆ ಗ್ರೀನ್‌ಪಾಯಿಂಟ್ ಬೀದಿಗಳ ಸೊಬಗು ಬಲು ಇಷ್ಟ.’ ಸೊಬಗು ಇರಬಹುದು. ಆದರೆ ಅಲ್ಲಿ ಬ್ರಾಡ್‌ವೇ ಸ್ಟೇಜಸ್ ಕಂಪನಿಯ ಸ್ಟುಡಿಯೋಗಳಿವೆ. ಸ್ಟುಡಿಯೋ ಇರುವಲ್ಲಿ ಗಾಡಿ ಇರಲೇಬೇಕು: ಮೇಕಪ್ ವ್ಯಾನು, ವಸ್ತ್ರದ ಲಾರಿ, ಜನರೇಟರ್, ಊಟದ ಗಾಡಿ, ಕಲಾವಿದರ ಕ್ಯಾರವಾನು. ಕ್ಯಾಮೆರಾ ಒಳಗೆ ನಾಲ್ಕು ಗೋಡೆಗಳ ನಡುವೆ ತಿರುಗುತ್ತಿದ್ದರೂ ಹೊರಗೆ ಮೂರು ಬೀದಿ ತುಂಬಿರುತ್ತವೆ. ಕ್ವೀನ್ಸ್‌ನ ಲಾಂಗ್ ಐಲೆಂಡ್ ಸಿಟಿಯಲ್ಲಿ ಸಿಲ್ವರ್‌ಕಪ್, ಅಸ್ಟೋರಿಯಾದಲ್ಲಿ 1920ರಿಂದಲೂ ಇರುವ ಸ್ಟುಡಿಯೋ, ಬ್ರೂಕ್ಲಿನ್ ನೇವಿ ಯಾರ್ಡಿನಲ್ಲಿ ಸ್ಟೈನರ್, ಇವುಗಳ ಸುತ್ತಲೂ ಇದೇ ಪ್ರಶ್ನೆ ಕೇಳಬೇಕು. ಸ್ಟುಡಿಯೋಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ಗುರುತಿಸಿ, ಅರ್ಧ ಮೈಲಿಯ ಒಳಗಿನ ಪರ್ಮಿಟ್ ಎಷ್ಟು, ಹೊರಗಿನವು ಎಷ್ಟು ಎಂದು ಬೇರ್ಪಡಿಸಿ ನೋಡಿ. ಲಾರಿ ನಿಂತ ಜಾಗವೇ ಬೇರೆ, ಪರದೆಯ ಮೇಲೆ ಕಾಣುವ ಜಾಗವೇ ಬೇರೆ.

ಸಾಮಾನ್ಯ ನ್ಯೂಯಾರ್ಕ್ ನಿವಾಸಿಗೆ ತಟ್ಟುವುದೂ ಲಾರಿಯೇ. ಮರಕ್ಕೋ ಕಂಬಕ್ಕೋ ಕಟ್ಟಿದ ‘ಇಂಥ ದಿನ ಇಲ್ಲಿ ಪಾರ್ಕಿಂಗ್ ಇಲ್ಲ’ ಎಂಬ ಕಾಗದ ಓದದೆ ಹೋದವರ ಕಾರು ಬೆಳಗ್ಗೆ ಅಲ್ಲಿರುವುದಿಲ್ಲ, ಎತ್ತಿಕೊಂಡು ಹೋಗಿ ಪಕ್ಕದ ಬೀದಿಯಲ್ಲೆಲ್ಲೋ ಇಟ್ಟಿರುತ್ತಾರೆ. ಆದ್ದರಿಂದ ಈ ಪಟ್ಟಿಯನ್ನು ಸಿನಿಮಾದ ಪಟ್ಟಿಯೆಂದು ನೋಡುವ ಬದಲು ಪಾರ್ಕಿಂಗ್‌ನ ಪಟ್ಟಿಯೆಂದು ನೋಡಿದರೆ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತಮಾಷೆ ಇದೆ. ‘ಭಾರತದ ಚಿತ್ರಗಳು ಎಷ್ಟಿವೆ ನೋಡೋಣ’ ಎಂದು ಇಡೀ ಟೇಬಲ್ಲಿನಲ್ಲಿ ಇಂಡಿಯಾ ಎಂದು ಹುಡುಕಿದರೆ ಗ್ರೀನ್‌ಪಾಯಿಂಟ್‌ನ ಇಂಡಿಯಾ ಸ್ಟ್ರೀಟ್ ಎದುರಾದೀತು. ಆ ಭಾಗದ ಬೀದಿಗಳು ಅಕ್ಷರಮಾಲೆಯ ಸಾಲಿನಲ್ಲಿವೆ: ಈಗಲ್, ಫ್ರೀಮನ್, ಗ್ರೀನ್, ಹ್ಯೂರನ್, ಇಂಡಿಯಾ, ಜಾವಾ. ದೇಶ ಬೇಕಾದರೆ ದೇಶದ ಕಾಲಂನಲ್ಲೇ ಹುಡುಕಿ.

8. ಸೀರಿಯಲ್ಲೇ ರಾಜ, ಯಾಕೆಂದು ಹೇಳಿ

ವರ್ಗವಾರು ಎಣಿಸಿದರೆ ಟೆಲಿವಿಷನ್ ಎಲ್ಲಕ್ಕಿಂತ ಬಹಳ ಮುಂದೆ, ಫಿಲಂ ಅದರ ಹಿಂದೆ ದೂರದಲ್ಲಿ. ಚಾರ್ಟ್ ಹಾಕಿ ‘ಟಿವಿ ಹೆಚ್ಚು’ ಎಂದು ಬರೆದರೆ ಅದು ವಿಶ್ಲೇಷಣೆ ಅಲ್ಲ, ಓದಿ ಹೇಳಿದ್ದು. ಕಾರಣಕ್ಕೆ ಹೋಗಿ. ಸಿನಿಮಾ ಕೆಲವು ವಾರಗಳಲ್ಲಿ ಮುಗಿದು ಯೂನಿಟ್ ಗಂಟು ಕಟ್ಟುತ್ತದೆ. ಒಂದು ಗಂಟೆಯ ಸೀರಿಯಲ್ಲಿನ ಒಂದು ಎಪಿಸೋಡಿಗೆ ಎಂಟು ದಿನದ ಆಸುಪಾಸು ಬೇಕು, ಅದು ಮುಗಿಯುತ್ತಲೇ ಇನ್ನೊಂದು. ಪ್ರತಿ ಎಪಿಸೋಡಿಗೂ ಹೊಸ ಹೆಣ, ಹೊಸ ಗಲ್ಲಿ, ಹೊಸ ಕೆಫೆ. ‘ಲಾ ಅಂಡ್ ಆರ್ಡರ್: ಎಸ್‌ವಿಯು’ 1999ರಲ್ಲಿ ಶುರುವಾದದ್ದು ಕಾಲು ಶತಮಾನ ದಾಟಿಯೂ ನ್ಯೂಯಾರ್ಕ್ ಬೀದಿಯಲ್ಲೇ ಇದೆ. ಅಂಥ ಒಂದು ಸೀರಿಯಲ್ ಸದ್ದಿಲ್ಲದೆ ಎಷ್ಟು ಸಾಲು ಸೇರಿಸುತ್ತದೆ ಎಂದು ಯೋಚಿಸಿ.

ದುಡ್ಡಿನ ಮಾತೂ ಇದೆ. ನ್ಯೂಯಾರ್ಕ್ ರಾಜ್ಯ 2004ರಿಂದ ಚಿತ್ರನಿರ್ಮಾಣಕ್ಕೆ ತೆರಿಗೆ ರಿಯಾಯಿತಿ ಕೊಡುತ್ತಿದೆ. ವರ್ಷಕ್ಕೆ 42 ಕೋಟಿ ಡಾಲರ್ ಇದ್ದ ಆ ಮಿತಿಯನ್ನು 2023ರಲ್ಲಿ 70 ಕೋಟಿಗೆ ಏರಿಸಿದರು. ಪರ್ಮಿಟ್ ಹೆಚ್ಚಿದರೆ ಅದಕ್ಕೆ ರಿಯಾಯಿತಿಯೇ ಕಾರಣ ಎಂದು ಥಟ್ಟನೆ ಬರೆಯುವ ಮೊದಲು ಮುಂದಿನ ಸೂತ್ರ ನೋಡಿ.

9. ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ

ತಿಂಗಳವಾರು ಗೆರೆ ಎಳೆದ ತಕ್ಷಣ ಎರಡು ಗುಂಡಿ ಕಣ್ಣಿಗೆ ಬೀಳುತ್ತವೆ. ಮೊದಲನೆಯದು 2020ರ ಮಾರ್ಚ್, ಕೋವಿಡ್. ಜುಲೈ 20ಕ್ಕೆ ನಗರ ನಿರ್ಬಂಧ ಸಡಿಲಿಕೆಯ ನಾಲ್ಕನೇ ಹಂತಕ್ಕೆ ಕಾಲಿಟ್ಟಾಗ ಚಿತ್ರೀಕರಣಕ್ಕೆ ಮತ್ತೆ ದಾರಿಯಾಯಿತು. ಆದರೆ ಬ್ರಾಡ್‌ವೇ ಪರದೆ 2020ರ ಮಾರ್ಚ್ 12ಕ್ಕೆ ಇಳಿದದ್ದು, ದೊಡ್ಡ ಸಂಗೀತ ನಾಟಕಗಳು ಮತ್ತೆ ಏರಿದ್ದು 2021ರ ಸೆಪ್ಟೆಂಬರಿನಲ್ಲಿ. ಐದನೇ ಸೂತ್ರ ಪಾಲಿಸಿ ನಾಟಕದ ಲಾರಿಗಳನ್ನು ಬೇರೆ ಮಾಡಿದ್ದವರಿಗೆ ಇಲ್ಲಿ ಎರಡು ಬೇರೆ ಬೇರೆ ಗೆರೆ ಸಿಗುತ್ತವೆ, ಕಲೆಸಿದವರಿಗೆ ಅರ್ಥವಾಗದ ಒಂದು ಗೆರೆ.

ಎರಡನೆಯದು 2023. ಅಮೆರಿಕದ ಸಿನಿಮಾ, ಟಿವಿ ಬರಹಗಾರರ ಸಂಘ ಮೇ 2ರಂದು ಮುಷ್ಕರಕ್ಕಿಳಿಯಿತು, ನಟರ ಸಂಘ ಜುಲೈ 14ಕ್ಕೆ ಸೇರಿಕೊಂಡಿತು. ಬರಹಗಾರರದ್ದು ಸೆಪ್ಟೆಂಬರ್ 27ಕ್ಕೆ, ನಟರದ್ದು ನವೆಂಬರ್ 9ಕ್ಕೆ ಮುಗಿಯಿತು. ಒಳ್ಳೆಯ ಪ್ರಶ್ನೆ ಹುಟ್ಟುವುದು ಇಲ್ಲಿ. ನಟರ ಮುಷ್ಕರ ಸಿನಿಮಾ ಮತ್ತು ಟಿವಿ ಒಪ್ಪಂದದ ಮೇಲಿನದು. ಜಾಹೀರಾತಿನ ಒಪ್ಪಂದ ಬೇರೆ, ಅದಕ್ಕೆ ಮುಷ್ಕರವಿರಲಿಲ್ಲ. ಹಾಗಾದರೆ ಅದೇ ತಿಂಗಳುಗಳಲ್ಲಿ ಟೆಲಿವಿಷನ್ ವರ್ಗ ಏನಾಯಿತು, ಕಮರ್ಷಿಯಲ್ ವರ್ಗ ಏನಾಯಿತು? ಎರಡನ್ನೂ ಒಂದರ ಕೆಳಗೆ ಒಂದಿಟ್ಟು ನೋಡಿ. ಪಾಠಪುಸ್ತಕದವರು ಕಂಟ್ರೋಲ್ ಗ್ರೂಪ್ ಎನ್ನುವುದು ಇಲ್ಲಿ ಬಿಟ್ಟಿಯಾಗಿ ಸಿಕ್ಕಿದೆ.

ತೆರಿಗೆ ರಿಯಾಯಿತಿ ಏರಿದ ವರ್ಷವೂ, ಮುಷ್ಕರದ ವರ್ಷವೂ ಒಂದೇ ಎಂಬುದನ್ನು ಗಮನಿಸಿದಿರಿ ತಾನೆ? 2022ಕ್ಕೂ 2024ಕ್ಕೂ ಹೋಲಿಸಿ ರಿಯಾಯಿತಿಯ ಫಲ ಅಳೆದೆ ಎನ್ನುವವರು, ಮುಷ್ಕರದಲ್ಲಿ ಮುಂದೂಡಿದ ಕೆಲಸಗಳನ್ನು ಯಾವ ಖಾತೆಗೆ ಹಾಕಿದಿರಿ ಎಂದು ಕೇಳಿದರೆ ತಡವರಿಸುತ್ತಾರೆ.

10. ರಾತ್ರಿಯನ್ನು ಗಂಟೆಗಂಟೆಯಾಗಿ ಬಿಡಿಸಿ

‘ಶೂಟಿಂಗ್ ಯಾವ ಹೊತ್ತಿನಲ್ಲಿ ಹೆಚ್ಚು’ ಎಂದು ನೋಡಲು ಶುರುವಾಗುವ ಹೊತ್ತನ್ನು ಮಾತ್ರ ಎಣಿಸಿದರೆ ಮುಂಜಾವೇ ಗೆಲ್ಲುತ್ತದೆ. ಗಾಡಿ ನಿಲ್ಲಿಸಿ ಸಾಮಾನು ಇಳಿಸುವ ಹೊತ್ತೂ ಪರ್ಮಿಟ್ಟಿನೊಳಗೇ ಬರುವುದರಿಂದ ಅದು ಕ್ಯಾಮೆರಾ ಓಡಿದ ಹೊತ್ತಲ್ಲ. ಇನ್ನು ಶುಕ್ರವಾರ ಸಂಜೆ ಆರಕ್ಕೆ ಹತ್ತಿ ಶನಿವಾರ ಬೆಳಗಿನ ಜಾವ ಐದಕ್ಕೆ ಇಳಿಯುವ ಪರ್ಮಿಟ್ ಯಾವ ದಿನದ್ದು? ಇಂಥ ಶುಕ್ರವಾರಗಳಿಗೆ ಅಲ್ಲಿನ ಯೂನಿಟ್‌ನವರು ‘ಫ್ರಾಟರ್‌ಡೇ’ ಎನ್ನುತ್ತಾರೆ, ವಾರದ ರಜೆಯನ್ನು ನುಂಗುವ ದಿನ ಎಂಬ ಹೊಟ್ಟೆಯುರಿಯಿಂದ. ಪ್ರತಿ ಪರ್ಮಿಟ್ಟನ್ನೂ ಅದು ಆವರಿಸಿದ ಗಂಟೆಗಳಾಗಿ ಬಿಡಿಸಿ, ಆಮೇಲೆ ವಾರದ ದಿನ ಮತ್ತು ಗಂಟೆಯ ಚೌಕಳಿ ಚಾರ್ಟ್ ಹಾಕಿ.

ಜೊತೆಗೆ ದಾಖಲಾದ ದಿನಕ್ಕೂ ಶುರುವಾದ ದಿನಕ್ಕೂ ಇರುವ ಅಂತರ ತೆಗೆಯಿರಿ. ಸೀರಿಯಲ್, ಸಿನಿಮಾ, ಜಾಹೀರಾತು, ಯಾರು ಎಷ್ಟು ಮೊದಲು ಬರುತ್ತಾರೆ ಎಂದು ತಿಳಿಯುತ್ತದೆ. ಸರಾಸರಿ ಬೇಡ, ಮಧ್ಯಾಂಕ ಹೇಳಿ. ತಿಂಗಳುಗಟ್ಟಲೆ ಮೊದಲೇ ಬಂದ ನಾಲ್ಕು ಪರ್ಮಿಟ್ ಸರಾಸರಿಯನ್ನು ಎಳೆದೊಯ್ಯುತ್ತವೆ. ಮುಗಿಯುವ ಹೊತ್ತು ಶುರುವಿಗಿಂತ ಮೊದಲಿರುವ, ಅಥವಾ ವಾರಗಟ್ಟಲೆ ಹರಡಿದ ಸಾಲುಗಳನ್ನು ಹುಡುಕಿ ಪಕ್ಕಕ್ಕಿಡಿ, ಎಷ್ಟು ಇಟ್ಟಿರಿ ಎಂದು ಬರೆಯಿರಿ.

11. ಯಾವುದರಿಂದ ಭಾಗಿಸಬೇಕೆಂದು ಯೋಚಿಸಿ

ಮ್ಯಾನ್‌ಹಟನ್ ಮೇಲೆ, ಸ್ಟೇಟನ್ ಐಲೆಂಡ್ ಕೆಳಗೆ ಎಂಬುದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಕಿಲ್ಲ. ಮ್ಯಾನ್‌ಹಟನ್ ಸುಮಾರು 23 ಚದರ ಮೈಲಿ, ಸ್ಟೇಟನ್ ಐಲೆಂಡ್ ಅದರ ಎರಡೂವರೆ ಪಟ್ಟು. 2020ರ ಜನಗಣತಿಯಲ್ಲಿ ಮ್ಯಾನ್‌ಹಟನ್‌ನಲ್ಲಿ ಸುಮಾರು 16.9 ಲಕ್ಷ ಜನ, ಬ್ರೂಕ್ಲಿನ್‌ನಲ್ಲಿ 27.4 ಲಕ್ಷ, ಸ್ಟೇಟನ್ ಐಲೆಂಡ್‌ನಲ್ಲಿ 5 ಲಕ್ಷಕ್ಕೆ ಸ್ವಲ್ಪ ಕಡಿಮೆ. ತಲಾ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ, ಚದರ ಮೈಲಿಗೆ ಹಾಕಿದರೆ ಇನ್ನೊಂದು ಬಗೆ. ಮಿಡ್‌ಟೌನಿನಲ್ಲಿ ಮಲಗುವವರು ಕಡಿಮೆ, ಓಡಾಡುವವರು ಹೆಚ್ಚು, ಅಲ್ಲಿ ತಲಾ ಲೆಕ್ಕಕ್ಕೆ ಅರ್ಥವೇ ಇಲ್ಲ. ಬೀದಿಯ ಉದ್ದದಿಂದ ಭಾಗಿಸುವುದು ನನಗೆ ಹೆಚ್ಚು ಸರಿಕಾಣುತ್ತದೆ, ಹಿಡಿದಿಡುವುದು ಬೀದಿಯನ್ನೇ ಅಲ್ಲವೇ.

12. ಸಿನಿಮಾದ ಹೆಸರು ಊಹಿಸಬೇಡಿ

‘ಜೋಕರ್’ ಚಿತ್ರದಲ್ಲಿ ನಾಯಕ ಕುಣಿದಿಳಿಯುವ ಮೆಟ್ಟಿಲು ಬ್ರಾಂಕ್ಸ್‌ನ ವೆಸ್ಟ್ 167ನೇ ಬೀದಿಯ ಹತ್ತಿರ, ಶೇಕ್ಸ್‌ಪಿಯರ್ ಮತ್ತು ಆಂಡರ್ಸನ್ ಅವೆನ್ಯೂಗಳ ನಡುವೆ ಇದೆ. 2018ರ ಕೊನೆಯ ತಿಂಗಳುಗಳಲ್ಲಿ ಚಿತ್ರ ನ್ಯೂಯಾರ್ಕಿನಲ್ಲಿ ತಯಾರಾಗುತ್ತಿತ್ತು. ಆ ತಿಂಗಳು, ಆ ಬರೋ, ಆ ಬೀದಿ ಎಂದು ಜರಡಿ ಹಿಡಿಯುವ ಆಸೆ ಯಾರಿಗಾದರೂ ಆಗುತ್ತದೆ. ಹಿಡಿಯಿರಿ, ಅಭ್ಯಾಸಕ್ಕೆ ಒಳ್ಳೆಯದು. ಆದರೆ ಏನಾದರೂ ಸಿಕ್ಕರೂ ಅದು ‘ಜೋಕರ್’ನದ್ದೇ ಎಂದು ಆ ಸಾಲು ಹೇಳುವುದಿಲ್ಲ. ಅದೇ ದಿನ ಅದೇ ಬೀದಿಯಲ್ಲಿ ಯಾವುದೋ ಶೂ ಜಾಹೀರಾತೂ ನಡೆದಿರಬಹುದು. ಬೀದಿಯಲ್ಲಿ ಅಂಟಿಸುವ ಕಾಗದದಲ್ಲೇ ಸುಳ್ಳು ಹೆಸರು ಹಾಕುವುದು ಈ ಉದ್ಯಮದ ವಾಡಿಕೆ. ಶಿಕಾಗೋದಲ್ಲಿ ‘ದಿ ಡಾರ್ಕ್ ನೈಟ್’ ಚಿತ್ರೀಕರಣ ನಡೆದದ್ದು ‘ರೋರೀಸ್ ಫಸ್ಟ್ ಕಿಸ್’ ಎಂಬ ಹೆಸರಿನಲ್ಲಿ.

ಹೆಸರು ಬೇಕೇ ಬೇಕು ಎನ್ನುವವರು ಪ್ಯಾರಿಸ್‌ಗೆ ಹೋಗಲಿ. ಅಲ್ಲಿನ ನಗರಸಭೆ 2016ರಿಂದೀಚೆಗಿನ ಹೊರಾಂಗಣ ಚಿತ್ರೀಕರಣಗಳ ಪಟ್ಟಿಯಲ್ಲಿ ಚಿತ್ರದ ಹೆಸರು, ನಿರ್ದೇಶಕರು, ನಿರ್ಮಾಪಕರು, ಜಾಗ, ತಾರೀಖು ಎಲ್ಲ ಕೊಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೂಡ ಚಿತ್ರವಾರು ಜಾಗಗಳ ಪಟ್ಟಿ ಇಟ್ಟಿದೆ, ಅದು ಪರ್ಮಿಟ್ ಲೆಕ್ಕಕ್ಕಿಂತ ಸಿನಿಮಾ ಅಭಿಮಾನಿಗೆ ಹತ್ತಿರ. ಮೂರು ನಗರ, ಮೂರು ಬಗೆಯ ಪಟ್ಟಿ. ಪಕ್ಕಪಕ್ಕ ಇಟ್ಟು ‘ಯಾವ ನಗರದಲ್ಲಿ ಶೂಟಿಂಗ್ ಹೆಚ್ಚು’ ಎಂದು ಹೋಲಿಸುವ ಹುಚ್ಚಿಗೆ ಮಾತ್ರ ಕೈಹಾಕಬೇಡಿ.

13. ಒಂದೇ ಪ್ರಶ್ನೆ, ಮೂರು ಚಾರ್ಟ್

ಸಂದರ್ಶನದಲ್ಲಿ ಹದಿನೈದು ಚಾರ್ಟಿನ ಡ್ಯಾಶ್‌ಬೋರ್ಡ್ ತೋರಿಸುವವರು ಯಾವುದನ್ನೂ ವಿವರಿಸಲಾಗದೆ ಸುಸ್ತಾಗುತ್ತಾರೆ. ‘ಮುಷ್ಕರದ ಆರು ತಿಂಗಳಲ್ಲಿ ಗ್ರೀನ್‌ಪಾಯಿಂಟ್ ನಿವಾಸಿಗೆ ಎಷ್ಟು ಪಾರ್ಕಿಂಗ್ ವಾಪಸ್ ಸಿಕ್ಕಿತು?’ ಇಂಥದೊಂದು ಪ್ರಶ್ನೆ ಸಾಕು. ಇದರಲ್ಲಿ ಬಗೆಯ ಜರಡಿ ಇದೆ, ಪಠ್ಯ ಒಡೆಯುವುದಿದೆ, ಗಂಟೆ ಬಿಡಿಸುವುದಿದೆ, ಹಿಂದಿನ ವರ್ಷದ ಅದೇ ತಿಂಗಳುಗಳ ಹೋಲಿಕೆಯಿದೆ. ಬೇಕಾದರೆ ಅದೇ ಪೋರ್ಟಲ್‌ನ 311ಕ್ಕೆ (ನಗರದ ದೂರು ಸಹಾಯವಾಣಿ) ಬಂದ ದೂರುಗಳ ಪಟ್ಟಿಯಿಂದ ಆ ಝಿಪ್ಪಿನ ಪಾರ್ಕಿಂಗ್ ದೂರುಗಳನ್ನು ತಂದು ಪಕ್ಕಕ್ಕಿಡಿ, ಆದರೆ ಎರಡೂ ಒಟ್ಟಿಗೆ ಇಳಿದವೆಂದು ಒಂದರಿಂದ ಇನ್ನೊಂದು ಇಳಿಯಿತು ಎನ್ನಬೇಡಿ. ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ನೀವೇ ಮೊದಲು ಹೇಳಿಬಿಡಿ. ಎದುರಿನವರು ಅದನ್ನು ಕೆದಕಿ ತೆಗೆಯುವುದಕ್ಕಿಂತ ನಿಮ್ಮ ಬಾಯಲ್ಲೇ ಬಂದರೆ ಬೆಲೆ ಹೆಚ್ಚು.

14. ನಿಮ್ಮೂರಿನ ಪಟ್ಟಿ ಬೇಕೆ? ಅರ್ಜಿ ಬರೆಯಿರಿ

ನ್ಯೂಯಾರ್ಕಿನ ಪಟ್ಟಿ ಯಾರದೋ ಔದಾರ್ಯದಿಂದ ಬಂದದ್ದಲ್ಲ. ನಗರದ ಇಲಾಖೆಗಳು ತಮ್ಮ ಡೇಟಾವನ್ನು ಸಾರ್ವಜನಿಕರಿಗೆ ಬಿಡಲೇಬೇಕೆಂದು 2012ರಲ್ಲಿ ಅಲ್ಲಿ ಸ್ಥಳೀಯ ಕಾನೂನು ಬಂತು. ಬೆಂಗಳೂರಿನಲ್ಲಿ ಚಿತ್ರೀಕರಣದ ಅನುಮತಿಗೆ ಜಾಗಕ್ಕೆ ತಕ್ಕಂತೆ ಕಚೇರಿ ಬೇರೆ: ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎಂದರೆ ತೋಟಗಾರಿಕೆ ಇಲಾಖೆ, ಮೆಟ್ರೊ ನಿಲ್ದಾಣ ಎಂದರೆ ಬಿಎಂಆರ್‌ಸಿಎಲ್. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಆದ್ದರಿಂದ ‘ಚಿತ್ರೀಕರಣದ ಎಲ್ಲ ಮಾಹಿತಿ’ ಎಂದು ಕೇಳದೆ ಹೀಗೆ ಕೇಳಿ: ಇಂಥ ವರ್ಷದ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಈ ಉದ್ಯಾನದಲ್ಲಿ ಚಿತ್ರೀಕರಣಕ್ಕೆ ಕೊಟ್ಟ ಅನುಮತಿಗಳ ಪಟ್ಟಿ, ಪ್ರತಿ ಅನುಮತಿಯ ತಾರೀಖು, ಸಮಯ, ಜಾಗ, ವಸೂಲಾದ ಶುಲ್ಕ, ಲಭ್ಯವಿದ್ದರೆ ಸಾಫ್ಟ್ ಕಾಪಿಯಲ್ಲಿ. ಅನುಮತಿ ಪಡೆದವರ ಫೋನ್ ನಂಬರು, ವಿಳಾಸ ಕೇಳಬೇಡಿ. ಅವು ನಿಮ್ಮ ಲೆಕ್ಕಕ್ಕೆ ಬೇಕಿಲ್ಲ, ನಿರಾಕರಣೆಗೆ ನೆಪವಾಗುತ್ತವೆ. ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ, ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಹೊಣೆ. ಉತ್ತರಕ್ಕೆ ಮೂವತ್ತು ದಿನದ ಗಡುವಿದೆ, ಅಲ್ಲಿಯವರೆಗೆ ಗ್ರೀನ್‌ಪಾಯಿಂಟ್‌ನ ಬೀದಿಗಳನ್ನು ಒಡೆಯುತ್ತಿರಿ.